ಮರಿ ಹಿಡಿದು ಓಣಿಗೆ, ಚೀಟಿ ಹಿಡಿದು ಶಾಲೆಗೆ

ಸವದತ್ತಿ ಸೀಮೆಗೆ ಜೂನ್ ಬಿಡುವಿಲ್ಲದ ತಿಂಗಳು. ಮುಂಗಾರಿ ಬಿದ್ದರೆ ಹೆಸರು, ಗೋವಿನಜೋಳದ ಬಿತ್ತಿಗೆ. ರಜೆ ಮುಗಿಸಿದ ಮಕ್ಕಳಿಗೆ ಶಾಲೆ. ಮನೆಯ ದನಗಳಿಗೆ ಕಾರಹುಣ್ಣಿಮೆ, ಅದರ ಬೆನ್ನಿಗೇ ಮಣ್ಣೆತ್ತಿನ ಅಮಾವಾಸ್ಯೆ. ಹೆಚ್ಚುಕಡಿಮೆ ಇದೇ ಹೊತ್ತಿಗೆ ಹೂಲಿಯಂಥ ಊರುಗಳಿಂದ ಹಿಡಿದು ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಹಳ್ಳಿಗಳ ತನಕ ಸರ್ಕಾರಿ ಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆಯ ಗದ್ದಲ ಏಳುತ್ತದೆ. ಎತ್ತಿನ ಹಬ್ಬವೂ ಮಕ್ಕಳ ಚುನಾವಣೆಯೂ ಜೊತೆಜೊತೆಗೆ ಬರುವುದು ಪಂಚಾಂಗ ಮತ್ತು ಶಿಕ್ಷಣ ಇಲಾಖೆಯ ವೇಳಾಪಟ್ಟಿ ಒಂದೆಡೆ ಕೂಡಿದ್ದರಿಂದ ಆದದ್ದು. ಆದರೆ ದನಕರುಗಳ ಜೊತೆ ಬೆಳೆಯುವಾಗ ಮಕ್ಕಳು ಕಲಿಯುವ ಒಂದು ವಿದ್ಯೆ ಚುನಾವಣೆಗೆ ನಿಲ್ಲುವಾಗ ಬಹಳ ಕೆಲಸಕ್ಕೆ ಬರುತ್ತದೆ. ಅದನ್ನು ನಮ್ಮ ಶಾಲೆಗಳು ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿಯಬೇಕು ಎಂದು ಹೇಳುವುದಕ್ಕೇ ಈ ಬರಹ.

ಮೊದಲು ಶಾಲಾ ಸಂಸತ್ತನ್ನು ನೋಡೋಣ. ದೊಡ್ಡವರ ಚುನಾವಣೆಯಲ್ಲಿ ಏನೇನಿರುತ್ತದೋ ಅದೆಲ್ಲ ಇಲ್ಲೂ ಇರುತ್ತದೆ. ಶಿಕ್ಷಕರು ಅಧಿಸೂಚನೆ ಬರೆದು ಫಲಕಕ್ಕೆ ಹಚ್ಚುತ್ತಾರೆ. ಮೇಲಿನ ತರಗತಿಗಳ ಮಕ್ಕಳು ನಾಮಪತ್ರ ತುಂಬಿ, ಸೂಚಕರ ಸಹಿ ಹಾಕಿಸಿ ಕೊಡುತ್ತಾರೆ. ಪರಿಶೀಲನೆ ನಡೆಯುತ್ತದೆ, ವಾಪಸು ತಗೊಳ್ಳಲಿಕ್ಕೆ ಸಮಯ ಸಿಗುತ್ತದೆ, ಪೆನ್ನು, ಪುಸ್ತಕ, ಗಡಿಯಾರ, ಮಾವಿನಹಣ್ಣು ಎಂದು ಚಿಹ್ನೆ ಹಂಚಲಾಗುತ್ತದೆ. ಮಧ್ಯಾಹ್ನದ ಬಿಸಿಯೂಟದ ಸಾಲಿನಲ್ಲಿ, ನೀರಿನ ನಲ್ಲಿಯ ಹತ್ತಿರ, ಶಾಲೆ ಬಿಟ್ಟ ಮೇಲೆ ಓಣಿಯಲ್ಲಿ ಪ್ರಚಾರ. ಮತದಾನದ ದಿನ ಮಕ್ಕಳೇ ಮತಗಟ್ಟೆ ಅಧಿಕಾರಿಗಳು. ಒಬ್ಬ ಪಟ್ಟಿಯಲ್ಲಿ ಹೆಸರು ಹುಡುಕಿ ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬಳು ಎಡಗೈಯ ತೋರುಬೆರಳಿಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯುತ್ತಾಳೆ. ರಟ್ಟಿನ ಡಬ್ಬಿಗೆ ಬಣ್ಣದ ಕಾಗದ ಸುತ್ತಿದ ಮತಪೆಟ್ಟಿಗೆಯ ಜಾಗಕ್ಕೆ ಈಗ ಎಷ್ಟೋ ಶಾಲೆಗಳಲ್ಲಿ ಶಿಕ್ಷಕರ ಮೊಬೈಲಿನ ಆ್ಯಪ್ ಬಂದಿದೆ. ಗುಂಡಿ ಒತ್ತಿದರೆ ಥೇಟ್ ಮತಯಂತ್ರದ ಸದ್ದು. ಎಣಿಕೆ, ಘೋಷಣೆ, ಗುಲಾಲು, ಆಮೇಲೆ ಪ್ರಮಾಣವಚನ. ಪ್ರಧಾನಮಂತ್ರಿ, ಶಿಕ್ಷಣ ಮಂತ್ರಿ, ಆರೋಗ್ಯ ಮಂತ್ರಿ, ಆಹಾರ ಮಂತ್ರಿ, ಕ್ರೀಡಾ ಮಂತ್ರಿ, ಎದುರಿಗೆ ಒಬ್ಬ ವಿರೋಧ ಪಕ್ಷದ ನಾಯಕ.

ಇದು ಒಳ್ಳೆಯ ಪದ್ಧತಿ, ಉಳಿಯಬೇಕಾದ ಪದ್ಧತಿ. ಹೂಲಿಯ ಗುಡ್ಡದ ಬುಡದಲ್ಲಿ ಪಂಚಲಿಂಗೇಶ್ವರ ಗುಡಿ ಇದೆ, ಸುತ್ತ ಚಾಲುಕ್ಯರ ಕಾಲದ ಇನ್ನೂ ಹಲವು ಗುಡಿಗಳಿವೆ. ಊರನ್ನು ಪೂಲಿ ಎಂದು ಕರೆಯುವ ಹಳೆಯ ಶಾಸನಗಳಲ್ಲಿ ಊರಿನ ಮಹಾಜನರ ಮಾತು ಬರುತ್ತದೆ: ದತ್ತಿ, ಭೂಮಿ, ಗುಡಿಯ ವ್ಯವಸ್ಥೆ ಎಲ್ಲದಕ್ಕೂ ಅವರು ಬೇಕು. ಆ ಮಹಾಜನರ ಸಾಲಿನಲ್ಲಿ ಹೆಂಗಸರಿಗೆ, ಶ್ರಮದ ಕೆಲಸ ಮಾಡುವ ಕುಲಗಳಿಗೆ ಜಾಗ ಇರಲಿಲ್ಲ. ಇವತ್ತು ಅದೇ ಊರಿನಂಥ ಊರುಗಳಲ್ಲಿ ಕೂಲಿಯವರ ಮಗಳೂ ಗೌಡರ ಮಗನೂ ಒಂದೇ ಅಳತೆಯ ಮತಚೀಟಿ ಹಿಡಿದು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅದು ಸಣ್ಣ ಸಂಗತಿಯೇನಲ್ಲ.

ಆದರೂ ನಿಲ್ಲದವರನ್ನು ಸ್ವಲ್ಪ ನೋಡಬೇಕು. ಸೋತವರ ಬಗ್ಗೆ ನನಗೆ ಚಿಂತೆಯಿಲ್ಲ, ಸೋಲು ಮಕ್ಕಳನ್ನು ಗಟ್ಟಿ ಮಾಡುತ್ತದೆ. ನಾಮಪತ್ರವನ್ನೇ ಮುಟ್ಟದವರ ಬಗ್ಗೆ ಚಿಂತೆ. ಪ್ರತಿ ವರ್ಷ ಯಾರು ನಿಲ್ಲುತ್ತಾರೆ? ಭಾಷಣ ಸ್ಪರ್ಧೆಯಲ್ಲಿ ಬಹುಮಾನ ತಂದವರು, ಕಬಡ್ಡಿ ತಂಡದಲ್ಲಿದ್ದವರು, ಅಪ್ಪನದೋ ಕಾಕಾನದೋ ಊರಲ್ಲಿ ಮಾತು ನಡೆಯುವ ಮನೆಯವರು. ಉಳಿದವರು ಬೆಂಚಿನ ತುದಿಗೆ ಕೂತು ಬೇರೆಯವರಿಗೆ ಚಪ್ಪಾಳೆ ತಟ್ಟುತ್ತಾರೆ. "ಯಾಕವಾ, ನೀ ಯಾಕ ನಿಲ್ಲಂಗಿಲ್ಲ?" ಎಂದು ಕೇಳಿದರೆ ಬರುವ ಉತ್ತರ ಒಂದೇ: "ನನಗ ಮಾತಾಡಾಕ ಬರಂಗಿಲ್ರಿ ಸರ್."

ಈ ಉತ್ತರವನ್ನು ನಾವು ವೇದಿಕೆಯ ಭಯ ಎಂದು ತಿಳಿಯುತ್ತೇವೆ, ಭಾಷಣ ಕಲಿಸಲು ಹೊರಡುತ್ತೇವೆ. ಆದರೆ ಶಾಲಾ ಚುನಾವಣೆಯಲ್ಲಿ ಭಾಷಣ ಎರಡು ನಿಮಿಷದ್ದು. ನಿಜವಾದ ಕಷ್ಟ ಬೇರೆ ಕಡೆ ಇದೆ. ತನ್ನ ಓಣಿಯಲ್ಲದ, ತನ್ನ ತರಗತಿಯಲ್ಲದ, ಎಂದೂ ಮಾತಾಡಿಸದ ಒಂದು ಮಗುವಿನ ಎದುರು ಹೋಗಿ ಮೊದಲ ಮಾತು ತೆಗೆಯಬೇಕು. ಏನಂತ ತೆಗೆಯುವುದು? ಯಾವ ನೆಪದಿಂದ? ಅವರು ಮುಖ ತಿರುಗಿಸಿದರೆ? ದೊಡ್ಡವರಿಗೂ ಇದೇ ಕಷ್ಟ. ಹೊಸ ಊರಿಗೆ ಮದುವೆಯಾಗಿ ಬಂದ ಸೊಸೆಗೆ, ವರ್ಗವಾಗಿ ಬಂದ ಗುಮಾಸ್ತನಿಗೆ, ಹಾಸ್ಟೆಲಿಗೆ ಬಂದ ಹುಡುಗನಿಗೆ ಎಲ್ಲರಿಗೂ ಮೊದಲ ಮಾತೇ ಭಾರ. ಎರಡನೆಯ ಮಾತಿನಿಂದ ಎಲ್ಲ ಸಲೀಸು.

ಆ ಮೊದಲ ಮಾತನ್ನು ಪ್ರಾಣಿಗಳು ತೆಗೆಸಿಕೊಡುತ್ತವೆ.

ಹುಡುಗಿಯೊಬ್ಬಳು ಆಡಿನ ಮರಿಗೆ ಹಗ್ಗ ಕಟ್ಟಿ ಸಂಜೆ ಹೊತ್ತು ಮೇಯಿಸಲಿಕ್ಕೆ ಹೊರಟಳೆನ್ನಿ. ಕೈಬೀಸಿಕೊಂಡು ಒಬ್ಬಳೇ ಹೊರಟಿದ್ದರೆ ಕಟ್ಟೆಯ ಮೇಲಿನ ಮುದುಕಿ ತಲೆ ಎತ್ತುತ್ತಿರಲಿಲ್ಲ. ಮರಿ ಇದ್ದುದರಿಂದ ಎತ್ತುತ್ತಾಳೆ.

"ಎಷ್ಟ ತಿಂಗಳದ್ದಬೇ ಇದು?"

"ಮೂರ ತಿಂಗಳದ್ದರಿ ಆಯಿ."

"ತಾಯಿ ಹಾಲ ಬಿಡ್ತೈತೇನ? ಹೊಟ್ಟಿ ಉಬ್ಬಿದಂಗ ಕಾಣ್ತದ. ಯಾರ ಮಗಳ ನೀ?"

ಮೂರು ಮಾತಿನೊಳಗೆ ಹುಡುಗಿಯ ಮನೆತನದ ತನಕ ಮಾತು ಬಂತು. ನಾಲ್ಕು ಹೆಜ್ಜೆ ಮುಂದೆ ಹೋದರೆ ಅಲ್ಲಿ ಗೋಲಿ ಆಡುವ ಹುಡುಗರು ಮರಿಯ ಕಿವಿ ಹಿಡಿಯಲು ಬರುತ್ತಾರೆ. ಇನ್ನೂ ಮುಂದೆ ಹೋದರೆ ಕಿರಾಣಿ ಅಂಗಡಿಯ ಕಾಕಾ "ನಮ್ಮ ಅಂಗಡಿ ಮುಂದ ಹಿಕ್ಕಿ ಹಾಕಿಸಬ್ಯಾಡವಾ" ಎಂದು ಗದರಿಸುತ್ತಾನೆ, ಮರುದಿನ ಅವನೇ ಬಾಳೆಹಣ್ಣಿನ ಸಿಪ್ಪೆ ಎತ್ತಿಟ್ಟು ಕರೆದು ಕೊಡುತ್ತಾನೆ. ಒಂದು ವರ್ಷ ಹೀಗೆ ತಿರುಗಿದ ಹುಡುಗಿಗೆ ಊರಿನ ಎಷ್ಟು ಬಾಗಿಲು ಗೊತ್ತಿರುತ್ತವೆ ಎಂಬುದನ್ನು ಯಾವ ಪ್ರಗತಿಪತ್ರವೂ ತೋರಿಸುವುದಿಲ್ಲ. ಅವಳೇ ಶಾಲೆಯಲ್ಲಿ ಮಾತಾಡಲು ಬರುವುದಿಲ್ಲ ಎನ್ನುತ್ತಾಳೆ.

ಇದು ಬರೀ ಹಳ್ಳಿಯ ಅನುಭವದ ಮಾತಲ್ಲ, ಅಳೆದು ನೋಡಿದವರಿದ್ದಾರೆ. ಇಂಗ್ಲೆಂಡಿನ ಜೂನ್ ಮೆಕ್‌ನಿಕೋಲಸ್ ಮತ್ತು ಗ್ಲಿನ್ ಕಾಲಿಸ್ ಎಂಬ ಮನಶ್ಶಾಸ್ತ್ರಜ್ಞರು 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬ ಮಹಿಳೆ ತನ್ನ ನಿತ್ಯದ ಓಡಾಟವನ್ನು ಕೆಲವು ಸಲ ನಾಯಿಯ ಜೊತೆ, ಕೆಲವು ಸಲ ನಾಯಿಯಿಲ್ಲದೆ ಮಾಡಿದಳು. ಯಾರನ್ನೂ ತಾನಾಗಿ ಮೂಸಬಾರದು, ಬಾಲ ಅಲ್ಲಾಡಿಸಿ ಕರೆಯಬಾರದು ಎಂದು ಆ ನಾಯಿಗೆ ತರಬೇತಿ ಕೊಟ್ಟಿದ್ದರು. ಅಷ್ಟಾದರೂ ನಾಯಿ ಜೊತೆಗಿದ್ದಾಗ ಜನ ಅವಳನ್ನು ಮಾತಾಡಿಸಿದ್ದು ಸುಮಾರು ಮೂರು ಪಟ್ಟು ಹೆಚ್ಚು. ಮಾತಾಡಿಸಿದವರಲ್ಲಿ ಪೂರ್ತಿ ಅಪರಿಚಿತರೂ ಇದ್ದರು. ಎರಡನೆಯ ಸುತ್ತಿನಲ್ಲಿ ಒಬ್ಬ ಗಂಡಸನ್ನು ಒಮ್ಮೆ ನೀಟಾದ ಬಟ್ಟೆಯಲ್ಲಿ, ಒಮ್ಮೆ ಮಾಸಿದ ಬಟ್ಟೆಯಲ್ಲಿ ಕಳಿಸಿದರು. ಮಾಸಿದ ಬಟ್ಟೆಯವನನ್ನು ಜನ ಕಡಿಮೆ ಮಾತಾಡಿಸಿದರು, ನಿಜ. ಆದರೆ ಎರಡೂ ವೇಷದಲ್ಲಿ ನಾಯಿ ಜೊತೆಗಿದ್ದಾಗ ಮಾತು ಹೆಚ್ಚಿತು. ಬಟ್ಟೆಯಿಂದ ಮನುಷ್ಯನ ಯೋಗ್ಯತೆ ಅಳೆಯುವ ಲೋಕದಲ್ಲಿ ಈ ಸಂಗತಿಯನ್ನು ನಾನು ದೊಡ್ಡದೆಂದೇ ತಿಳಿಯುತ್ತೇನೆ.

ಆಸ್ಟ್ರೇಲಿಯದ ಲಿಸಾ ವುಡ್ ಮತ್ತು ಅವರ ಸಂಗಡಿಗರು 2015ರಲ್ಲಿ ಇನ್ನೂ ದೊಡ್ಡ ಸಮೀಕ್ಷೆ ಪ್ರಕಟಿಸಿದರು. ಪರ್ತ್ ನಗರ ಮತ್ತು ಅಮೆರಿಕದ ಸ್ಯಾನ್ ಡಿಯಾಗೊ, ಪೋರ್ಟ್‌ಲ್ಯಾಂಡ್, ನ್ಯಾಶ್‌ವಿಲ್ ಅದರಲ್ಲಿ ಸೇರಿದ್ದವು. ಸಾಕುಪ್ರಾಣಿ ಇದ್ದವರಿಗೆ ನೆರೆಹೊರೆಯಲ್ಲಿ ಗುರುತಿನವರು ಹೆಚ್ಚು ಎಂದು ಕಂಡುಬಂತು. ಪ್ರಾಣಿ ಸಾಕಿದವರಲ್ಲಿ ಹತ್ತರಲ್ಲಿ ನಾಲ್ವರ ಹತ್ತಿರಹತ್ತಿರ ಜನ, ತಮ್ಮ ಪ್ರಾಣಿಯ ನೆಪದಿಂದ ಪರಿಚಯವಾದವರು ಮುಂದೆ ಕಷ್ಟಕಾಲದಲ್ಲಿ ಒಂದಲ್ಲ ಒಂದು ಬಗೆಯಲ್ಲಿ ನೆರವಾದರು ಎಂದು ಹೇಳಿದರು.

ಹೀಗೇಕಾಗುತ್ತದೆ? ಇಬ್ಬರು ಅಪರಿಚಿತರು ಎದುರುಬದುರು ನಿಂತಾಗ ಇಬ್ಬರ ಕಣ್ಣೂ ಪರಸ್ಪರರ ಮೇಲೆ ಇರುತ್ತದೆ, ಅದು ಇರುಸುಮುರುಸು. ನಡುವೆ ಪ್ರಾಣಿ ಬಂದರೆ ಇಬ್ಬರೂ ಅದನ್ನು ನೋಡುತ್ತಾರೆ. ಮಾತು ಅದರ ವಯಸ್ಸು, ಬಣ್ಣ, ಮೇವು, ತುಂಟತನದ ಮೇಲೆ ಹೋಗುತ್ತದೆ, ಯಾರ ಮಾನಕ್ಕೂ ಕುಂದಿಲ್ಲ. ಜೊತೆಗೆ, ಪ್ರಾಣಿಯನ್ನು ನೋಡಿಕೊಳ್ಳುವವರು ಮನಸ್ಸಿನಲ್ಲಿ ಒಳ್ಳೆಯವರಿರಬೇಕು ಎಂಬ ನಂಬಿಕೆ ನೋಡುವವರಲ್ಲಿ ತಾನೇ ಮೂಡುತ್ತದೆ. ಇನ್ನೊಂದು ಕಾರಣ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ: ಪ್ರಾಣಿಗೆ ದಿನಾ ಹೊರಗೆ ಹೋಗಬೇಕು. ದಿನಾ ಅದೇ ದಾರಿ, ದಿನಾ ಅದೇ ಮುಖಗಳು. ಸ್ನೇಹ ಬೆಳೆಯುವುದು ಒಂದು ದಿನದ ಜಾಣ ಮಾತಿನಿಂದಲ್ಲ, ಹೀಗೆ ಮತ್ತೆ ಮತ್ತೆ ಎದುರಾಗುವುದರಿಂದ.

ನಮ್ಮ ಸೀಮೆಯ ಹಬ್ಬಗಳನ್ನು ಈ ಕಣ್ಣಿನಿಂದ ನೋಡಿ. ಕಾರಹುಣ್ಣಿಮೆಯ ಮುನ್ನಾದಿನ ಹೊನ್ನುಗ್ಗಿ. ಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ, ಜೂಲ ಹೊದಿಸುತ್ತಾರೆ. ಸಂಜೆಗೆ ಅಗಸಿಯಲ್ಲಿ ಬೇವಿನ ಸೊಪ್ಪು, ಕೊಬ್ಬರಿ ಕಟ್ಟಿದ ಹಗ್ಗ ಅಡ್ಡ ಹಿಡಿದು ಕರಿ ಹರಿಯುತ್ತಾರೆ. ಬಿಳಿ ಎತ್ತು ಮುಂದಾಯಿತೋ ಕೆಂದ ಎತ್ತು ಮುಂದಾಯಿತೋ ಎಂಬುದರ ಮೇಲೆ ಆ ವರ್ಷ ಯಾವ ಬೆಳೆ ಹುಲುಸಾಗುತ್ತದೆ ಎಂಬ ಲೆಕ್ಕಾಚಾರ. ಹೊಲದ ಬದುವಿನ ಜಗಳದಿಂದ ಮಾತು ಬಿಟ್ಟ ಇಬ್ಬರು ಅಣ್ಣತಮ್ಮಂದಿರು ಆ ಸಂಜೆ ಅಗಸಿಯಲ್ಲಿ ಎತ್ತಿನ ನಡಿಗೆಯ ಬಗ್ಗೆಯಾದರೂ ಎರಡು ಮಾತಾಡುತ್ತಾರೆ. ಯಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಬರುವವರು ದಾರಿಯಲ್ಲಿ ಬಿಡಾರ ಹೂಡಿದಾಗಲೂ ಅಷ್ಟೇ. ಯಾವ ಜಿಲ್ಲೆಯವರೋ ಏನೋ, ಎತ್ತಿಗೆ ನೀರು ಕುಡಿಸುವ ಜಾಗದಲ್ಲಿ ಪರಿಚಯ ಶುರುವಾಗುತ್ತದೆ.

ಆದರೆ ಮಕ್ಕಳ ಚುನಾವಣೆಗೆ ಎಲ್ಲಕ್ಕಿಂತ ಹತ್ತಿರದ ಆಚರಣೆ ಕುಂಟೆತ್ತಿನದು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಕುಂಬಾರರ ಮನೆಯಿಂದ ತಂದ ಅಥವಾ ಎರೆಮಣ್ಣು ಕಲಸಿ ಮನೆಯಲ್ಲೇ ಮಾಡಿದ ಎತ್ತಿನ ಜೋಡಿಗೆ ಪೂಜೆ. ಮರುದಿನ ಮಕ್ಕಳು ಮಣ್ಣಿನ ಎತ್ತೊಂದನ್ನು ಕಾಲು ಮುರಿದ ಕುಂಟೆತ್ತಾಗಿ ಮಾಡಿ, ಹಲಗೆಯ ಮೇಲೆಯೋ ತಟ್ಟೆಯಲ್ಲೋ ಇಟ್ಟು, ಹಾಡು ಹೇಳುತ್ತ ಮನೆಮನೆಗೆ ಹೋಗಿ ಜೋಳ ಕೇಳುತ್ತಾರೆ. ಕೂಡಿದ ಕಾಳುಕಡಿಯಲ್ಲಿ ಅಡುಗೆ ಮಾಡಿಸಿಕೊಂಡು ಎಲ್ಲರೂ ಕೂಡಿ ಉಣ್ಣುತ್ತಾರೆ.

ಇದರಲ್ಲಿ ಏನೇನಿದೆ ನೋಡಿ. ಮಕ್ಕಳು ಗುಂಪು ಕಟ್ಟಬೇಕು. ಹಾಡು ಎತ್ತುವವರು ಯಾರು, ತಟ್ಟೆ ಹಿಡಿಯುವವರು ಯಾರು, ಜೋಳದ ಚೀಲ ಯಾರ ಹೆಗಲಿಗೆ ಎಂದು ತೀರ್ಮಾನಿಸಬೇಕು. ತಮ್ಮದಲ್ಲದ ಮನೆಯ ಹೊಸ್ತಿಲ ಮುಂದೆ ನಿಂತು ಕೇಳಬೇಕು. "ಮುಂದಿನ ಮನಿಗೆ ಹೋಗ್ರಲೇ" ಎಂದು ಅಟ್ಟಿದರೆ ಮುಖ ಸಣ್ಣ ಮಾಡದೆ ಮುಂದಿನ ಮನೆಗೆ ಹೋಗಬೇಕು. ಕೊನೆಗೆ ಕೂಡಿದ್ದನ್ನು ಸಮನಾಗಿ ಹಂಚಿ ಉಣ್ಣಬೇಕು. ಪ್ರಚಾರ, ಸಂಘಟನೆ, ನಿರಾಕರಣೆ ತಾಳಿಕೊಳ್ಳುವುದು, ಲೆಕ್ಕ ಒಪ್ಪಿಸುವುದು ಎಲ್ಲ ಬಂತು. ಅಷ್ಟೆಲ್ಲಕ್ಕೂ ಆ ಮಕ್ಕಳಿಗೆ ಧೈರ್ಯ ಕೊಟ್ಟದ್ದು ಅಂಗೈಯಗಲದ ಒಂದು ಮಣ್ಣಿನ ಎತ್ತು. ನನಗಾಗಿ ಕೊಡಿ ಎನ್ನುವುದು ಕಷ್ಟ, ಕುಂಟೆತ್ತಿಗಾಗಿ ಕೊಡಿ ಎನ್ನುವುದು ಸುಲಭ. ಚುನಾವಣೆಗೆ ನಿಂತವರು ಮೊದಲು ಕಲಿಯಬೇಕಾದದ್ದೂ ಇದನ್ನೇ: ತನಗಾಗಿ ಕೇಳುವ ಬದಲು ಕುಡಿಯುವ ನೀರಿಗಾಗಿ, ಹೆಣ್ಣುಮಕ್ಕಳ ಶೌಚಾಲಯದ ಚಿಲಕಕ್ಕಾಗಿ, ಗ್ರಂಥಾಲಯದ ಕಪಾಟಿನ ಕೀಲಿಗಾಗಿ ಕೇಳಿದರೆ ದನಿ ತಾನಾಗಿ ಗಟ್ಟಿಯಾಗುತ್ತದೆ.

ತರಗತಿಯೊಳಗೆ ಪ್ರಾಣಿ ಬಂದರೆ ಏನಾಗುತ್ತದೆ ಎಂಬುದನ್ನೂ ಪರೀಕ್ಷಿಸಿದ್ದಾರೆ. ವಿಯೆನ್ನಾದ ಕರ್ಟ್ ಕೊಟ್ರ್‌ಶಾಲ್ ಮತ್ತು ಬ್ರಿಟಾ ಓರ್ಟ್‌ಬೌವರ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಮಕ್ಕಳ ಒಂದನೆಯ ತರಗತಿಯಿತ್ತು, ಹೆಚ್ಚಿನವರು ವಲಸೆ ಬಂದ ಕುಟುಂಬದವರು. ಒಂದು ತಿಂಗಳು ನಾಯಿಯಿಲ್ಲದೆ, ಇನ್ನೊಂದು ತಿಂಗಳು ನಾಯಿಯ ಜೊತೆಗೆ ಅವರನ್ನು ಗಮನಿಸಿದರು. ನಾಯಿ ಇದ್ದಾಗ ಬಡಿದಾಟ ಕಡಿಮೆಯಾಯಿತು, ತರಗತಿ ಒಂದುಗೂಡಿತು. ಮೂಲೆ ಹಿಡಿದು ಕೂಡುತ್ತಿದ್ದ ಮಕ್ಕಳು ಬೇರೆಯವರ ಜೊತೆ ಬೆರೆಯತೊಡಗಿದರು. ಆಸ್ಟ್ರೇಲಿಯದಲ್ಲಿ ಮಾರ್ಗರೀಟ್ ಓಹೇರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಿನಿ ಇಲಿಗಳಿದ್ದವು. ಆಟಿಸಂ ಇರುವ ಮಕ್ಕಳು ಆಟಿಕೆ ಎದುರಿಗಿದ್ದಾಗಿನದಕ್ಕಿಂತ ಗಿನಿ ಇಲಿ ಎದುರಿಗಿದ್ದಾಗ ಸಹಪಾಠಿಗಳ ಕಡೆ ಹೆಚ್ಚು ನೋಡಿದರು, ಹೆಚ್ಚು ಮಾತಾಡಿದರು, ಹೆಚ್ಚು ನಕ್ಕರು. ಜರ್ಮನಿಯ ಆಂಡ್ರಿಯಾ ಬೀಟ್ಜ್ ಅವರ ತಂಡದ್ದು ಇನ್ನೂ ನೇರ ಸಂಬಂಧದ ಪ್ರಯೋಗ. ದೊಡ್ಡವರನ್ನು ನೆಚ್ಚಲು ಹಿಂಜರಿಯುವ ಹುಡುಗರನ್ನು ಅಪರಿಚಿತರ ಎದುರು ಕತೆ ಹೇಳಲು, ಲೆಕ್ಕ ಮಾಡಲು ನಿಲ್ಲಿಸಿದರು. ಒತ್ತಡದ ಅಳತೆಯಾದ ಕಾರ್ಟಿಸಾಲ್ ನಾಯಿ ಜೊತೆಗಿದ್ದ ಹುಡುಗರಲ್ಲಿ ಕಡಿಮೆಯಿತ್ತು. ನಾಯಿಯ ಮೈ ಹೆಚ್ಚು ಸವರಿದವರಲ್ಲಿ ಇನ್ನೂ ಕಡಿಮೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 249 ವಿದ್ಯಾರ್ಥಿಗಳ ಮೇಲೆ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಹತ್ತು ನಿಮಿಷ ನಾಯಿ, ಬೆಕ್ಕುಗಳನ್ನು ನೇವರಿಸಿದರೆ ಕಾರ್ಟಿಸಾಲ್ ಇಳಿಯುತ್ತದೆಂದು ತೋರಿಸಿತು.

ಇವೆಲ್ಲ ಹೊರದೇಶದ, ಪಟ್ಟಿ ಹಾಕಿ ಮನೆಯೊಳಗೆ ಸಾಕುವ ಪ್ರಾಣಿಗಳ ಮಾತು. ನಮ್ಮಲ್ಲಿ ಚಿತ್ರ ಬೇರೆ. ಇಲ್ಲಿ ಮಕ್ಕಳ ಗೆಳೆತನ ಕರುವಿನ ಜೊತೆ, ಆಡು ಕುರಿಯ ಮರಿಯ ಜೊತೆ, ಕೋಳಿಯ ಜೊತೆ, ಯಾರೊಬ್ಬರದೂ ಅಲ್ಲದ, ಇಡೀ ಓಣಿ ರೊಟ್ಟಿ ಹಾಕಿ ಸಾಕಿದ ನಾಯಿಯ ಜೊತೆ. ರಾಮದುರ್ಗದಿಂದ ಲೋಕಾಪುರ ದಾಟಿದರೆ ಮುಧೋಳ. ಆ ಊರಿನ ಬೇಟೆನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಬಂತು, ಮುಂದೆ ಸೇನೆಯೂ ಆ ತಳಿಯನ್ನು ತರಬೇತಿಗೆ ತೆಗೆದುಕೊಂಡಿತು. ಮುಧೋಳ ನಾಯಿ ಇರುವ ಮನೆಯ ಹುಡುಗನನ್ನು ಊರೆಲ್ಲ ಗುರುತಿಸುತ್ತದೆ. ಆದರೆ ಮಾತು ಕೊಡಿಸಲು ಅಂಥ ನಾಯಿಯೇ ಬೇಕೆಂದಿಲ್ಲ, ಕಾಲು ಕುಂಟುವ ಕೋಳಿಪಿಳ್ಳೆಯೂ ಆ ಕೆಲಸ ಮಾಡುತ್ತದೆ.

ಇಲ್ಲಿ ಒಂದು ಅನ್ಯಾಯವನ್ನು ಹೇಳದೆ ಮುಂದೆ ಹೋಗಲಾರೆ. ದಿನಾ ಬೆಳಿಗ್ಗೆ ಸಗಣಿ ಬಳಿಯುವವರು, ಮುಸುರೆ ಇಡುವವರು, ಕರುವಿಗೆ ಹಾಲು ಬಿಡುವವರು ಹೆಚ್ಚಾಗಿ ಹೆಂಗಸರು, ಹೆಣ್ಣುಮಕ್ಕಳು. ಕಾರಹುಣ್ಣಿಮೆಯ ಸಂಜೆ ಎತ್ತಿನ ಹಗ್ಗ ಹಿಡಿದು ಅಗಸಿಗೆ ಮೆರೆಯುತ್ತ ಹೋಗುವವರು ಗಂಡಸರು. ಶಾಲೆಯಲ್ಲೂ ಅನೇಕ ಕಡೆ ಇದೇ ಹಂಚಿಕೆ: ತರಗತಿ ಗುಡಿಸುವ ಪಾಳಿಯನ್ನು ನೆನಪಿಟ್ಟು ನಡೆಸುವವಳು ಹುಡುಗಿ, ಪ್ರಧಾನಮಂತ್ರಿ ಹುಡುಗ, ಅವಳಿಗೆ ಉಪ ಎಂಬ ಹುದ್ದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಗಿದೆ. ಚನ್ನಮ್ಮನ, ಬೆಳವಡಿ ಮಲ್ಲಮ್ಮನ ನಾಡು ಇದು ಎಂದು ಭಾಷಣದಲ್ಲಿ ಹೇಳುತ್ತೇವೆ. 1969ರಲ್ಲಿ ಶುರುವಾದ ಕಿತ್ತೂರಿನ ಬಾಲಕಿಯರ ಸೈನಿಕ ಶಾಲೆಯಲ್ಲಿ ಹುಡುಗಿಯರು ಕುದುರೆ ಸವಾರಿ ಕಲಿಯುತ್ತಾರೆ. ತನಗಿಂತ ಹತ್ತು ಪಟ್ಟು ತೂಕದ ಪ್ರಾಣಿಯನ್ನು ಲಗಾಮಿನಲ್ಲಿ ನಡೆಸಿದ ಹುಡುಗಿ ನಿಲ್ಲುವ ನಿಲುವೇ ಬೇರೆ. ಹಳ್ಳಿಯ ಶಾಲೆಗೆ ಕುದುರೆ ತರಲಾಗದು. ಆದರೆ ಹಾಯಲು ಬರುವ ಎಮ್ಮೆಯನ್ನು ಗದರಿಸಿ ಗೋದಲಿಗೆ ಕಟ್ಟುವ ಹುಡುಗಿ ಪ್ರತಿ ಹಳ್ಳಿಯಲ್ಲಿದ್ದಾಳೆ. ಅವಳಿಗೆ ನಿನ್ನಲ್ಲಿ ಧೈರ್ಯವಿದೆ ಎಂದು ಯಾರೂ ಹೇಳಿಲ್ಲ.

ಪ್ರಾಣಿಯ ಸಂಗವೆಲ್ಲ ಒಳ್ಳೆಯದೇ ಎಂದೂ ನಾನು ಹೇಳುವುದಿಲ್ಲ. ಟಗರಿನ ಕಾಳಗ ನಮ್ಮ ಭಾಗದಲ್ಲಿ ಜನ ಸೇರಿಸುತ್ತದೆ, ಆದರೆ ಅಲ್ಲಿ ಬಾಜಿ ಹಣ ಕೈ ಬದಲಾಯಿಸುವುದನ್ನೂ ಮಕ್ಕಳು ನೋಡುತ್ತಾರೆ. ಓಣಿಯ ನಾಯಿ ಕಚ್ಚುತ್ತದೆ. ಕಚ್ಚಿದರೆ, ಪರಚಿದರೂ ಸರಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು ಹಾಕಿಸಬೇಕು. ಅರಿಸಿನ, ಸುಣ್ಣ, ಖಾರದಪುಡಿ ಹಚ್ಚುತ್ತ ಕೂಡಬಾರದು. ಇದನ್ನು ಆರೋಗ್ಯ ಮಂತ್ರಿಯಾದ ಮಗು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದರೆ ಒಂದು ಜೀವ ಉಳಿದೀತು.

ಪ್ರಾಣಿಯನ್ನು ಚುನಾವಣೆಯ ಸರಕು ಮಾಡುವುದೂ ಸಲ್ಲ. ದೊಡ್ಡವರ ರಾಜಕಾರಣದಲ್ಲಿ ಅದಾಗಿದೆ. ಕಾಂಗ್ರೆಸ್ಸಿನ ಹಳೆಯ ಚಿಹ್ನೆ ಜೋಡೆತ್ತು, 1969ರಲ್ಲಿ ಪಕ್ಷ ಒಡೆದ ಮೇಲೆ ಇಂದಿರಾ ಗಾಂಧಿಯವರ ಬಣಕ್ಕೆ ಹಸು-ಕರು. ಅಕ್ಷರ ಬಾರದ ಮತದಾರರಿಗೂ ಮನೆಯ ಕೊಟ್ಟಿಗೆಯಲ್ಲಿ ಕಟ್ಟಿದ ದನ ಗುರುತು ಸಿಗುತ್ತಿತ್ತು. ಆದರೆ ಚಿಹ್ನೆಯ ಜೊತೆಗೆ ಜೀವಂತ ಪ್ರಾಣಿಗಳನ್ನೇ ಮೆರವಣಿಗೆಯಲ್ಲಿ ಎಳೆದಾಡಿ ಹಿಂಸಿಸುವುದು ಶುರುವಾದಾಗ ಚುನಾವಣಾ ಆಯೋಗ ಹೊಸದಾಗಿ ಪ್ರಾಣಿಗಳ ಚಿಹ್ನೆ ಕೊಡುವುದನ್ನು ನಿಲ್ಲಿಸಿತು. ಆನೆ, ಸಿಂಹದಂಥ ಕೆಲವೇ ಹಳೆಯ ಚಿಹ್ನೆ ಉಳಿದವು. ಶಾಲೆಯ ಚುನಾವಣೆಗೂ ಇದೇ ನಿಯಮ ಇರಲಿ. ಮರಿಯನ್ನು ಶಾಲೆಯ ಅಂಗಳಕ್ಕೆ ಎಳೆತಂದು ಕೊರಳಿಗೆ ಚೀಟಿ ಕಟ್ಟುವುದು ಬೇಡ. ಅದು ಕಲಿಸಿದ ಒಡನಾಟ ಮಗುವಿನಲ್ಲಿ ಬಂದರೆ ಸಾಕು.

ಈ ಒಡನಾಟಕ್ಕೆ ಶಾಲೆ ಬಿಟ್ಟ ಮೇಲೂ ಬೆಲೆಯಿದೆ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆಗಳು ಗಲಾಟೆ, ಹಿಂಸೆಯ ಕಾರಣ ಹೇಳಿ 1989ರ ಹೊತ್ತಿಗೆ ನಿಂತವು. ಏಳನೆಯ ತರಗತಿಯಲ್ಲಿ ಬೆರಳಿಗೆ ಶಾಯಿ ಹಾಕಿಸಿಕೊಂಡ ಮಗು 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕಾಲೇಜಿಗೆ ಬಂದರೆ ಅಲ್ಲಿ ಅಂಥ ಚುನಾವಣೆಯಿಲ್ಲ. ಅಂಕ ನೋಡಿ ಆರಿಸಿದ ಪ್ರತಿನಿಧಿ ಇರಬಹುದು, ಅಷ್ಟೇ. ವಿದ್ಯಾರ್ಥಿ ಸಂಘದ ಚುನಾವಣೆ ಹೇಗೆ ನಡೆಯಬೇಕೆಂದು ಕೇರಳದ ಪ್ರಕರಣವೊಂದರಿಂದ ಹುಟ್ಟಿದ ಲಿಂಗ್ಡೋ ಸಮಿತಿ 2006ರಲ್ಲಿ ವರದಿ ಕೊಟ್ಟಿತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿಗೆ ತರಲು ಹೇಳಿತು. ಅದರ ಪ್ರಕಾರ ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಮುದ್ರಿಸಿದ ಪೋಸ್ಟರ್ ಕೂಡದು, ಕೈಯಲ್ಲಿ ಬರೆದದ್ದು ಮಾತ್ರ. 75 ಪ್ರತಿಶತ ಹಾಜರಿ ಬೇಕು. ಪದಾಧಿಕಾರಿ ಸ್ಥಾನಕ್ಕೆ ಒಂದೇ ಸಲ ನಿಲ್ಲಬಹುದು. ಹಣ, ಬ್ಯಾನರ್, ಮೈಕು ಎಲ್ಲ ತೆಗೆದ ಮೇಲೆ ಅಭ್ಯರ್ಥಿಯ ಕೈಯಲ್ಲಿ ಉಳಿಯುವುದೇನು? ಎದುರಿಗೆ ಹೋಗಿ ಮಾತಾಡುವುದೊಂದೇ. ಕರ್ನಾಟಕದಲ್ಲೂ ಕಾಲೇಜು ಚುನಾವಣೆ ಮತ್ತೆ ಬರಲಿ ಎಂಬ ಮಾತು ಈಚೆಗೆ ಕೇಳಿಬಂದಿದೆ. ಬರುವುದಾದರೆ ಹೀಗೆ ಮುಖತಃ ಮಾತಾಡಬಲ್ಲವರಿಗಾಗಿ ಬರಲಿ ಎಂದು ಬಯಸುತ್ತೇನೆ. ತಾಲೂಕಿನ ನಾಯಕರ ಫ್ಲೆಕ್ಸ್ ಹಿಡಿದು ಬರುವುದಾದರೆ ಬೇಡ.

ಮಕ್ಕಳ ದನಿಗೆ ಊರಿನಲ್ಲೇ ಇನ್ನೊಂದು ಜಾಗವಿದೆ: ಮಕ್ಕಳ ಗ್ರಾಮಸಭೆ. ಕುಂದಾಪುರದ ಕಡೆ ದುಡಿಯುವ ಮಕ್ಕಳ ಭೀಮ ಸಂಘ ಮತ್ತು ತೊಂಬತ್ತರ ದಶಕದ ನಡುವೆ ಶುರುವಾದ ಮಕ್ಕಳ ಪಂಚಾಯಿತಿಗಳು ಇದಕ್ಕೆ ದಾರಿ ತೋರಿದವು. ಅಲ್ಲಿ ದನ ಮೇಯಿಸುವ, ಮನೆಗೆಲಸ ಮಾಡುವ, ಶಾಲೆ ಬಿಟ್ಟ ಮಕ್ಕಳೂ ಮತ ಹಾಕಿದರು, ಆರಿಸಿಬಂದರು. ಈಗ ರಾಜ್ಯದ ಪ್ರತಿ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಮಕ್ಕಳ ಸಭೆ ಕರೆಯಬೇಕು. ಸಭೆಯಲ್ಲಿ ಮಕ್ಕಳು ಕೇಳುವುದು ಬಸ್ಸು, ಬೀದಿದೀಪ, ಆಟದ ಮೈದಾನ. ದನ ಮೇಯಿಸುವ ಮಗು ಎದ್ದು ನಿಂತರೆ ದನಗಳ ನೀರಿನ ತೊಟ್ಟಿ ಒಡೆದದ್ದು, ಗೋಮಾಳ ಒತ್ತುವರಿಯಾದದ್ದು, ಪಶುವೈದ್ಯರು ಯಾವ ದಿನ ಬರುತ್ತಾರೆಂದು ಯಾರಿಗೂ ಗೊತ್ತಿಲ್ಲದಿರುವುದು ಹೊರಗೆ ಬರುತ್ತದೆ. ಊರಿನ ಅರ್ಧ ಬದುಕು ಆ ಮಗುವಿನ ಕಣ್ಣಿಗೆ ಮಾತ್ರ ಬಿದ್ದಿರುತ್ತದೆ.

ಹಾಗಾಗಿ ಶಿಕ್ಷಕರಲ್ಲಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ ಕೆಲವು ಮಾತು ಕೇಳಿಕೊಳ್ಳುತ್ತೇನೆ. ಶಾಲಾ ಸಂಸತ್ತಿನಲ್ಲಿ ಪ್ರಾಣಿಪಕ್ಷಿಗಳ ಖಾತೆಯೊಂದನ್ನು ಇಡಿ. ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರಿಡುವುದು, ಊರಿಗೆ ಪಶು ಲಸಿಕೆ ಶಿಬಿರ ಬಂದಾಗ ಮನೆಮನೆಗೆ ಸುದ್ದಿ ಮುಟ್ಟಿಸುವುದು ಆ ಮಂತ್ರಿಯ ಕೆಲಸವಾಗಲಿ. ಸುದ್ದಿ ಮುಟ್ಟಿಸಲು ಹೋದ ಮಗು ಊರನ್ನೇ ಪರಿಚಯ ಮಾಡಿಕೊಂಡು ಬರುತ್ತದೆ. ಪ್ರಚಾರದ ದಿನಗಳಲ್ಲಿ ಚಾಕೊಲೇಟು, ಪೆನ್ಸಿಲು ಹಂಚುವುದನ್ನು ನಿಲ್ಲಿಸಿ, ಪ್ರತಿ ಅಭ್ಯರ್ಥಿಯೂ ತನ್ನದಲ್ಲದ ಓಣಿಯ ಐದು ಮಕ್ಕಳ ಜೊತೆ ಮಾತಾಡಿ ಅವರ ಒಂದೊಂದು ಬೇಡಿಕೆ ಬರೆದು ತರಬೇಕೆಂಬ ನಿಯಮ ಮಾಡಿ. ಬೇಡಿಕೆಯ ಹಾಳೆಯನ್ನು ಮತದಾನದ ಮುನ್ನಾದಿನ ಫಲಕಕ್ಕೆ ಹಚ್ಚಿ, ಎಲ್ಲರೂ ಓದಲಿ.

ಇನ್ನು ನಾಮಪತ್ರ ಕರೆಯುವ ದಿನ "ಯಾರು ನಿಲ್ತೀರಿ?" ಎಂದು ನೇರವಾಗಿ ಕೇಳಬೇಡಿ, ಅದೇ ಐದು ಕೈಗಳು ಏಳುತ್ತವೆ. ಮೊದಲು ನಿಮ್ಮ ಮನೆಯಲ್ಲಿ ಏನೇನು ಸಾಕಿದ್ದೀರಿ, ಅದನ್ನು ನೋಡಿಕೊಳ್ಳುವವರು ಯಾರು, ದಿನಾ ಯಾವ ದಾರಿಯಲ್ಲಿ ಹೋಗುತ್ತೀರಿ, ದಾರಿಯಲ್ಲಿ ಯಾರ್‍ಯಾರು ಮಾತಾಡಿಸುತ್ತಾರೆ ಎಂದು ಕೇಳಿ. ಬೆಂಚಿನ ತುದಿಯಿಂದ ಉತ್ತರ ಬರುತ್ತದೆ, ಬಹಳ ಹೊತ್ತು ಬರುತ್ತದೆ. ಆ ಉತ್ತರ ಮುಗಿದ ಮೇಲೆ ನಾಮಪತ್ರದ ಹಾಳೆಯನ್ನು ಆ ಮಗುವಿನ ಕೈಗೆ ಕೊಡಿ.